ಬೆಟ್ಟದ ಬಡ್ಡಿ ಉಣ್ಣಿ, ಅಸಲಿಗೆ ಕೈ ಹಾಕಬೇಡಿ

ಅಂಗಡಿ ಇಟ್ಟವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡವಾಳ ಬೇರೆ, ಲಾಭ ಬೇರೆ. ಸಂಜೆ ಗಲ್ಲಾ ತುಂಬಿತೆಂದು ಅದರಲ್ಲಿದ್ದುದನ್ನೆಲ್ಲ ಮನೆಖರ್ಚಿಗೆ ಒಯ್ದವನ ಅಂಗಡಿ ಎಷ್ಟು ದಿನ ನಡೆದೀತು? ಸಗಟು ವ್ಯಾಪಾರಿಗೆ ಕೊಡಬೇಕಾದ ದುಡ್ಡೂ ಅದರಲ್ಲೇ ಇತ್ತಲ್ಲ! ಮೂರು ತಿಂಗಳು ಜೋರು, ನಾಲ್ಕನೇ ತಿಂಗಳು ಕಪಾಟು ಖಾಲಿ, ಐದನೇ ತಿಂಗಳು ಬಾಗಿಲಿಗೆ ಬೀಗ.

ಉತ್ತರ ಕನ್ನಡ ಜಿಲ್ಲೆಯ ಕಾಡಿನ ಕಥೆಯೂ ಇದೇ. ನೂರೈವತ್ತು ವರ್ಷಗಳಿಂದ ಈ ಕಾಡಿನ ಗಲ್ಲಾಪೆಟ್ಟಿಗೆಗೆ ಕೈ ಹಾಕಿದವರು ಒಬ್ಬಿಬ್ಬರಲ್ಲ. ಹಡಗಿಗೆ ಸಾಗವಾನಿ ಬೇಕೆಂದವರು, ರೈಲು ಹಳಿಯ ಕೆಳಗೆ ಹಾಸಲು ದಿಮ್ಮಿ ಬೇಕೆಂದವರು, ಕಾಗದಕ್ಕೆ ಬಿದಿರು, ಪ್ಲೈವುಡ್ಡಿಗೆ ಮರ ಬೇಕೆಂದವರು, ಕಡೆಗೆ ಸೊಪ್ಪು ಸೌದೆಗೆ ಹೋಗುವ ನಾವು ನೀವು. ಎಲ್ಲರೂ ತೆಗೆದರು. ಇದರಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಕೇಳಿದವರು ಮಾತ್ರ ಕಡಿಮೆ.

ಬಸ್ಸಿನಲ್ಲಿ ಈ ವಿಷಯ ಎತ್ತಿ ನೋಡಿ. ಪಕ್ಕದ ಸೀಟಿನವರು ಹೇಳುವುದು ಒಂದೇ ಮಾತು: "ಕಾಡಲ್ವೇ ಮಾರಾಯ್ರೇ, ಕಡದ್ರೆ ಏನಾತು? ಮತ್ತೆ ಹುಟ್ತದೆ." ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಾಡು ಮತ್ತೆ ಹುಟ್ಟುತ್ತದೆ. ಆದರೆ ಯಾವ ಕಾಡು ಹುಟ್ಟುತ್ತದೆ, ಎಷ್ಟು ವರ್ಷಕ್ಕೆ ಹುಟ್ಟುತ್ತದೆ, ಯಾವಾಗ ಹುಟ್ಟುವುದೇ ಇಲ್ಲ? ಇಷ್ಟು ಗೊತ್ತಿಲ್ಲದೆ ಕತ್ತಿ ಎತ್ತಿದ್ದರಿಂದಲೇ ಇಂದಿನ ಈ ಫಜೀತಿ.

ಬೇಣದಿಂದ ಕಾನಿಗೆ

ನಮ್ಮ ಹಿರಿಯರು ಕಾಡಿಗೆ ಒಂದೇ ಹೆಸರಿಟ್ಟು ಸುಮ್ಮನಾಗಲಿಲ್ಲ. ಹುಲ್ಲು ಬೆಳೆಯುವ ಜಾಗ ಬೇಣ. ತೋಟಕ್ಕೆ ಸೊಪ್ಪು ಕೊಡುವುದು ಬೆಟ್ಟ. ಸುಟ್ಟು ರಾಗಿ ಬಿತ್ತಿ, ಆಮೇಲೆ ಕೆಲವು ವರ್ಷ ಬಿಟ್ಟುಬಿಡುವ ಜಾಗ ಕುಮರಿ. ಹಗಲಲ್ಲೂ ಕತ್ತಲೆ, ಬೇಸಿಗೆಯಲ್ಲೂ ಹಸಿರು ಇರುವುದು ಕಾನು. ಇವು ನಾಲ್ಕು ಬೇರೆ ಬೇರೆ ಊರುಗಳಲ್ಲ. ಒಂದೇ ನೆಲ, ಮನುಷ್ಯ ಅದನ್ನು ನಡೆಸಿಕೊಂಡ ರೀತಿಗೆ ತಕ್ಕಂತೆ, ಈ ನಾಲ್ಕರಲ್ಲಿ ಯಾವುದೂ ಆಗಬಹುದು. ಬಿಟ್ಟುಬಿಟ್ಟರೆ ಬೇಣ ನಿಧಾನವಾಗಿ ಕಾನಿನ ಕಡೆಗೆ ಹೊರಡುತ್ತದೆ. ಈ ಪಯಣಕ್ಕೆ ವಿಜ್ಞಾನಿಗಳು ಸಸ್ಯ ಅನುಕ್ರಮ ಎನ್ನುತ್ತಾರೆ.

ಅದು ನಡೆಯುವ ಕ್ರಮ ಹೀಗೆ. ಬೋಳು ನೆಲಕ್ಕೆ ಮೊದಲು ಬರುವುದು ಹುಲ್ಲು. ಜತೆಗೆ ನೆಕ್ಕರಕ, ಕವಳಿ ಮುಂತಾದ ಪೊದೆಗಳು. ಈಗಿನ ಕಾಲದಲ್ಲಿ ಲಂಟಾನ, ಯುಪಟೋರಿಯಂ ಎಂಬ ಪರದೇಶಿ ಕಳೆಗಳೂ ಸೇರಿಕೊಂಡಿವೆ. ಪೊದೆಯ ಮೇಲೆ ಹಕ್ಕಿ ಕೂರುತ್ತದೆ, ತಿಂದ ಹಣ್ಣಿನ ಬೀಜ ಉದುರಿಸುತ್ತದೆ. ಮುಳ್ಳುಪೊದೆಯೊಳಗೆ ಮೊಳೆತ ಸಸಿಗೆ ದನದ ಬಾಯಿ ತಾಗುವುದಿಲ್ಲ. ಅಲ್ಲಿಂದ ಉಪ್ಪಳಿಗೆಯಂಥ ಬಿಸಿಲುಪ್ರೇಮಿ ಮರಗಳು ದಡಬಡನೆ ಮೇಲೇಳುತ್ತವೆ. ಬೆಳವಣಿಗೆ ಬೇಗ, ಮರ ಮೆದು, ಆಯುಷ್ಯ ಕಡಿಮೆ. ಬಳಿಕ ಮತ್ತಿ, ಹೊನಗಲು, ನಂದಿ, ಜಂಬೆ ಇವುಗಳ ಸರದಿ. ಇವು ದಶಕಗಟ್ಟಲೆ ನಿಲ್ಲುವ ಗಟ್ಟಿಗರು.

ಇಲ್ಲೊಂದು ಸ್ವಾರಸ್ಯವಿದೆ. ಬಿಸಿಲು ಬೇಡುವ ಮರದ ಸಸಿ ತನ್ನ ತಾಯಿಯ ನೆರಳಲ್ಲೇ ಬೆಳೆಯಲಾರದು. ಅದೇ ನೆರಳು ಹೈಗ, ಧೂಪ, ಹೆಬ್ಬಲಸು, ರಾಮಪತ್ರೆಯ ಸಸಿಗಳಿಗೆ ತೊಟ್ಟಿಲು. ಅವು ತಳದಲ್ಲಿ ವರ್ಷಗಟ್ಟಲೆ ತಾಳ್ಮೆಯಿಂದ ಕಾಯುತ್ತವೆ. ಮೇಲೊಂದು ಮರ ಬಿದ್ದು ಬೆಳಕಿನ ಕಿಂಡಿ ತೆರೆದ ದಿನ ಎದ್ದು ನಿಲ್ಲುತ್ತವೆ. ರಾಮಪತ್ರೆಯ ದಪ್ಪ ಬೀಜವನ್ನು ಗಾಳಿ ಒಯ್ಯಲಾರದು, ಗುಬ್ಬಚ್ಚಿ ನುಂಗಲಾರದು. ಅದಕ್ಕೆ ಮಂಗಟ್ಟೆ ಹಕ್ಕಿಯೇ ಬೇಕು. ಮಂಗಟ್ಟೆಗೆ ಗೂಡು ಮಾಡಲು ಪೊಟರೆಯುಳ್ಳ ಹಳೇ ಹೆಮ್ಮರ ಬೇಕು. ಹಳೇ ಮರ ಕಡಿದರೆ ಹಕ್ಕಿ ಇಲ್ಲ, ಹಕ್ಕಿ ಇಲ್ಲದಿದ್ದರೆ ನಾಳೆಯ ಮರ ಇಲ್ಲ. ಲೆಕ್ಕ ಹೀಗೆ ಒಂದಕ್ಕೊಂದು ಹೆಣೆದುಕೊಂಡಿದೆ.

ಹೊನ್ನಾವರದಿಂದ ಜೋಗದ ಕಡೆಗೆ ಬಸ್ಸಿನಲ್ಲಿ ಹೋಗುವವರು ಕತ್ತಲೆಕಾನನ್ನು ಕಂಡಿರುತ್ತಾರೆ. ಹೆಸರೇ ಹೇಳುವಂತೆ ಅದು ಈ ಪಯಣದ ಕೊನೆಯ ನಿಲ್ದಾಣಕ್ಕೆ ಸೇರಿದ ಕಾಡು. ಅಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ, ಎಂದರೆ ನೀರು ನಿಲ್ಲುವ ಜೌಗಿನಲ್ಲಿ, ಮರಗಳು ಬೇರನ್ನು ಮೊಣಕಾಲಿನಂತೆ ನೆಲದಿಂದ ಮೇಲೆತ್ತಿ ಉಸಿರಾಡುತ್ತವೆ. ಅಲ್ಲಿ ಸಿಕ್ಕ ಒಂದು ಮರಕ್ಕೆ 2000ನೇ ಇಸವಿಯಲ್ಲಿ ವಿಜ್ಞಾನಿಗಳು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಕಾನಿನ ಹೆಸರನ್ನೇ ಇಟ್ಟರು. ಅಂಥ ಕಾನನ್ನು ಕಡಿಯಲು ಒಂದು ವಾರ ಸಾಕು. ಮತ್ತೆ ಬರಲು ನಮ್ಮ ಮೊಮ್ಮಕ್ಕಳ ಕಾಲವೂ ಸಾಲದು.

ಏಣಿಯೂ ಉಂಟು, ಹಾವೂ ಉಂಟು

1916ರಲ್ಲಿ ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬ ಸಸ್ಯವಿಜ್ಞಾನಿ ಈ ಪಯಣವನ್ನು ಒಂದು ನೇರ ಏಣಿಯಂತೆ ಬಣ್ಣಿಸಿದ. ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಗೆ ಸ್ಥಿರವಾದ ಕಾಡು ತಲುಪುತ್ತದೆ ಎಂಬುದು ಅವನ ವಾದ. ಅದೇ ದೇಶದ ಹೆನ್ರಿ ಗ್ಲೀಸನ್ ಒಪ್ಪಲಿಲ್ಲ. ಯಾವ ಬೀಜ ಎಲ್ಲಿ ಬೀಳುತ್ತದೆ ಎಂಬ ಆಕಸ್ಮಿಕಕ್ಕೂ ಬೆಲೆ ಇದೆ ಎಂದ. ನಮ್ಮ ಬೆಟ್ಟಗಳನ್ನು ನೋಡಿದರೆ ಇದು ಮಕ್ಕಳ ಹಾವು-ಏಣಿ ಆಟವೆಂದೇ ತೋರುತ್ತದೆ.

ದೊಡ್ಡ ಹಾವು ಬೆಂಕಿ. ಬೇಸಿಗೆಯಲ್ಲಿ ಪ್ರತಿ ವರ್ಷ ಬೆಂಕಿ ಬೀಳುವ ಬೇಣದಲ್ಲಿ ದಪ್ಪ ತೊಗಟೆಯ ಕವಲು ಮರದಂಥವು ಮಾತ್ರ ಉಳಿಯುತ್ತವೆ. ಎಳೆ ಸಸಿಗಳೆಲ್ಲ ಬೂದಿ. ಆಟ ಪ್ರತಿ ಏಪ್ರಿಲಿನಲ್ಲಿ ಮತ್ತೆ ಒಂದನೇ ಮನೆಯಿಂದಲೇ ಶುರು. ಇನ್ನೊಂದು ಹಾವು ಮಳೆ. ಮೇಲಿನ ಹೊದಿಕೆ ಹೋದ ಗುಡ್ಡದ ಮೇಲ್ಮಣ್ಣು ನಮ್ಮ ಮಳೆಗಾಲದಲ್ಲಿ ಹೊಳೆ ಸೇರಿತೆಂದರೆ ಉಳಿಯುವುದು ಕೆಂಪು ಚಿರೆಕಲ್ಲು. ಅದರ ಮೇಲೆ ಏನು ಹುಟ್ಟೀತು? ಮೂರನೆಯದು ಮಿತಿಮೀರಿದ ಮೇವು, ಸೊಪ್ಪು. ಹಾಗಾಗಿ "ಮತ್ತೆ ಹುಟ್ತದೆ" ಎಂಬ ಮಾತಿಗೆ ಮೂರು ಷರತ್ತು ಸೇರಿಸಿಕೊಳ್ಳಬೇಕು: ಮಣ್ಣು ಉಳಿದಿದ್ದರೆ, ಬೀಜ ಹತ್ತಿರದಲ್ಲಿದ್ದರೆ, ಬೆಂಕಿ ಬೀಳದಿದ್ದರೆ.

ಲೆಕ್ಕ ಬಂದದ್ದು ಜರ್ಮನಿಯಿಂದ

ಬೆಳೆದಷ್ಟೇ ಕಡಿಯಬೇಕೆಂಬ ಮಾತನ್ನು ಯುರೋಪಿನಲ್ಲಿ ಪುಸ್ತಕವಾಗಿ ಬರೆದವನು ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್. ಅವನು ಅರಣ್ಯಾಧಿಕಾರಿಯಲ್ಲ, ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಯ ಅಧಿಕಾರಿ. ಬೆಳ್ಳಿ ಕರಗಿಸುವ ಕುಲುಮೆಗೆ ಸೌದೆ ಸಿಗದಂತಾದಾಗ, 1713ರಲ್ಲಿ ಆ ಪುಸ್ತಕ ಹೊರಬಂತು. ಅಂದರೆ ಈ ತತ್ವ ಹುಟ್ಟಿದ್ದು ಮರದ ಮೇಲಿನ ಪ್ರೀತಿಯಿಂದಲ್ಲ, ವ್ಯಾಪಾರ ನಿಂತೀತೆಂಬ ಹೆದರಿಕೆಯಿಂದ! ವರ್ತಕರು ಇದನ್ನು ಗಮನಿಸಬೇಕು.

ಅದೇ ಜರ್ಮನಿಯಿಂದ ಬಂದ ಡೀಟ್ರಿಕ್ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಅವನ ಕಾಲದಿಂದ ಬಂದದ್ದು ಕೂಪು ಮತ್ತು ಕಾರ್ಯಯೋಜನೆಯ ಪದ್ಧತಿ. ಮರ ಬಲಿಯಲು 60 ವರ್ಷ ಬೇಕಾದರೆ ಕಾಡನ್ನು 60 ಕೂಪು ಮಾಡಿ, ವರ್ಷಕ್ಕೊಂದು ಕೂಪು ಕಡಿದು, ಅದನ್ನು ಮತ್ತೆ ಬೆಳೆಯಲು ಬಿಡಿ. ಅರುವತ್ತೊಂದನೇ ವರ್ಷ ಮೊದಲ ಕೂಪಿಗೆ ಮರಳಿದರೆ ಅಲ್ಲಿ ಬಲಿತ ಮರ ಸಿದ್ಧ. ಕಾಗದದ ಮೇಲೆ ಚೊಕ್ಕ ಲೆಕ್ಕ.

ಎಡವಿದ್ದೆಲ್ಲಿ? ಒಂದು, ಪುಸ್ತಕದಲ್ಲಿ ಮರವೆಂದರೆ ಬೆಲೆ ಬರುವ ಮರ ಮಾತ್ರ. ಸಾಗವಾನಿಗೆ ಖಾತೆಯಿತ್ತು, ಮುರುಗಲು, ರಾಮಪತ್ರೆ, ಮಂಗಟ್ಟೆಗೆ ಖಾತೆಯೇ ಇರಲಿಲ್ಲ. ಮಿಶ್ರ ಕಾಡು ಕಡಿದು ಒಂದೇ ಜಾತಿ ನೆಟ್ಟರೂ ಲೆಕ್ಕ ಸರಿಹೋಗುತ್ತಿತ್ತು. ಎರಡು, ಕುಮರಿಯನ್ನು ನಿರ್ಬಂಧಿಸಿದ ಸರಕಾರ ಕಾಡಿನೊಳಗಿನ ಜನರನ್ನು ಲೆಕ್ಕದಿಂದಲೇ ಹೊರಗಿಟ್ಟಿತು. ಘಟ್ಟದ ಮೇಲೆ ಅಡಿಕೆ ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಸಿಕ್ಕಿತು, ನಿಜ. ಆದರೆ ತೋಟವಿಲ್ಲದವನ ಪಾಲಿಗೆ ಏನು? ಕಾಡು ಸರಕಾರದ್ದಾಯಿತು, ಕಾಯುವ ಹೊಣೆ ಯಾರದೂ ಅಲ್ಲದಾಯಿತು.

ಬಿದಿರು ಕಲಿಸಿದ ಪಾಠ

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದದ್ದು 1950ರ ದಶಕದಲ್ಲಿ. ಕಾರ್ಖಾನೆಗೆ ಸರಕಾರ ಬಿದಿರು ಕೊಡಲು ಒಪ್ಪಿದ ದರ ಟನ್ನಿಗೆ 1 ರೂಪಾಯಿ 50 ಪೈಸೆ. ಬುಟ್ಟಿ ಹೆಣೆಯುವ ಮೇದಾರ ಪೇಟೆಯಲ್ಲಿ ಕೊಡುತ್ತಿದ್ದ ಹಣದ ಮುಂದೆ ಇದು ಪುಕ್ಕಟೆಯೇ ಸರಿ. ಪುಕ್ಕಟೆ ಸಿಕ್ಕ ಮಾಲನ್ನು ಯಾರು ಜೋಪಾನ ಮಾಡುತ್ತಾರೆ? ಮುಗಿಯದ ಬಿದಿರು ಎಂದು ನಂಬಿದ್ದ ಕಾಡು ಬರಿದಾಗುತ್ತ ಬಂತು. ಕಾರ್ಖಾನೆ ದೂರದೂರಿನಿಂದ ಕಚ್ಚಾಮಾಲು ತರಿಸಬೇಕಾಯಿತು.

1975ರ ಸುಮಾರಿಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದರ ಕಾರಣ ಹುಡುಕತೊಡಗಿದರು. ಅರಣ್ಯ ಇಲಾಖೆಯವರ ದೃಷ್ಟಿಯಲ್ಲಿ ತಪ್ಪು ಹಳ್ಳಿಗರದು, ಅವರ ದನಗಳದು. ಆದರೆ ಮೆಳೆಗಳ ಬುಡಕ್ಕೇ ಹೋಗಿ ನೋಡಿದಾಗ ಕಂಡದ್ದು ಬೇರೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಬೇಲಿ ಇರುತ್ತದೆ. ಅದನ್ನು ಸವರಿ ಚೊಕ್ಕ ಮಾಡಿದರೆ ಕಡಿಯಲು ಸಲೀಸು, ಮೆಳೆಗೂ ಒಳ್ಳೆಯದು ಎಂದು ಇಲಾಖೆಯ ನಿಯಮ. ಮುಳ್ಳು ಹೋದ ಮೆಳೆಯಲ್ಲಿ ಹೊಸ ಕಳಲೆ ಬಂದದ್ದೇ ತಡ, ದನ, ಮುಳ್ಳುಹಂದಿ, ಮನುಷ್ಯ ಎಲ್ಲರ ಬಾಯಿಗೂ ತುತ್ತು. ಮುಳ್ಳು ಬಿದಿರಿನ ಕಾವಲುಗಾರ ಎಂಬುದು ಊರಿನವರಿಗೆ ಮೊದಲೇ ಗೊತ್ತಿತ್ತು. ಅವರನ್ನು ಕೇಳಿದವರು ಯಾರು?

ಇದರಲ್ಲಿ ನಮಗೆ ಸಿಗುವ ಸೂತ್ರ ಎರಡು. ಕಡಿಯುವ ಪ್ರಮಾಣವೊಂದೇ ಸಾಲದು, ಕಡಿಯುವ ರೀತಿಯೂ ಮರುಹುಟ್ಟಿಗೆ ಅಡ್ಡಿಯಾಗಬಾರದು. ಮತ್ತು ಬೆಲೆ ತೀರ ಕಡಿಮೆ ಇಟ್ಟ ಮಾಲು ಬೇಗ ಮುಗಿಯುತ್ತದೆ.

ಉಪ್ಪಾಗೆಯ ಪೇಟೆ

ಬೆಲೆ ಒಮ್ಮೆಲೇ ಏರಿದರೆ ಕಾಡು ಉಳಿಯುತ್ತದೆಯೇ? ಅದೂ ಇಲ್ಲ. ಶಿರಸಿ, ಸಿದ್ದಾಪುರ ಪೇಟೆಯ ವರ್ತಕರಿಗೆ 1990ರ ದಶಕದ ಉಪ್ಪಾಗೆಯ ಭರಾಟೆ ನೆನಪಿರಬಹುದು. ಮೈ ಕರಗಿಸುವ ಔಷಧಕ್ಕೆಂದು ಉಪ್ಪಾಗೆ ಸಿಪ್ಪೆಗೆ ಅಮೆರಿಕದವರೆಗೂ ಬೇಡಿಕೆ ಬಂತು. ಅಲ್ಲಿಯವರೆಗೆ ಹಣ್ಣಾಗಿ ಬಿದ್ದದ್ದನ್ನು ಹೆಕ್ಕುತ್ತಿದ್ದವರು, "ನಾ ಕೊಯ್ಯದಿದ್ರೆ ಅವ ಕೊಯ್ತ" ಎಂದು ಕಾಯಿಗೇ ಕೈ ಹಾಕಿದರು. ಏರಲಾಗದ ಕಡೆ ಟೊಂಗೆಯನ್ನೇ ಇಳಿಸಿದರು. ಸುಗ್ಗಿ ಬರುವುದು ಮಳೆಗಾಲದಲ್ಲಿ. ಒಣಗಿಸಲು ಬಿಸಿಲಿಲ್ಲ, ಬೆಂಕಿಯೇ ಗತಿ. ಅದಕ್ಕೆ ಮತ್ತೆ ಕಾಡಿನ ಸೌದೆ. ಹಣ್ಣು ನೆಲಕ್ಕೆ ಬೀಳದಿದ್ದರೆ ಬೀಜ ಎಲ್ಲಿಂದ, ಸಸಿ ಎಲ್ಲಿಂದ?

ಕೊಯ್ಯುವ ಹಕ್ಕನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರನಿಗೆ ಅವಧಿ ಮುಗಿದ ಮೇಲೆ ಆ ಮರದ ಹಂಗಿಲ್ಲ. ಅವನು ಕೆಟ್ಟವನೆಂದಲ್ಲ. ನಾಳೆಯ ಪಾಲು ಇಲ್ಲದವನು ಇಂದೇ ಬಾಚಿಕೊಳ್ಳುವುದು ಲೋಕರೂಢಿ. ಬಾಡಿಗೆ ಸೈಕಲ್ಲಿಗೆ ಎಣ್ಣೆ ಬಿಡುವವರು ಯಾರು?

ಸಾಲ್ಕಣಿಯಲ್ಲಿ ಅಪ್ಪಿಕೊಂಡ ದಿನ

1983ರ ಸೆಪ್ಟೆಂಬರ್ 8. ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಹಿಮಾಲಯದಲ್ಲಿ ನಡೆದ ಚಿಪ್ಕೋ ಅವರಿಗೆ ಸ್ಫೂರ್ತಿ. ಸುಂದರಲಾಲ ಬಹುಗುಣರು ಈ ಭಾಗಕ್ಕೆ ಬಂದು ಮಾತಾಡಿದ್ದರು. ಪಾಂಡುರಂಗ ಹೆಗಡೆಯವರು ಚಳವಳಿಯ ಮುಂಚೂಣಿಯಲ್ಲಿದ್ದರು. 38 ದಿನ ಜನ ಕಾಡು ಬಿಟ್ಟು ಕದಲಲಿಲ್ಲ. ಕೊನೆಗೆ ಕಡಿತದ ಆಜ್ಞೆ ಹಿಂದಕ್ಕೆ ಹೋಯಿತು.

ಜನರ ದೂರು ಏನಿತ್ತು? ಆಯ್ದ ಮರ ಮಾತ್ರ ಕಡಿಯುತ್ತೇವೆ ಎಂದು ನಿಯಮ ಹೇಳುತ್ತಿತ್ತು. ಆದರೆ ಒಂದು ಹೆಮ್ಮರ ಉರುಳುವಾಗ ಎಷ್ಟು ಮರಿ ಮರ ಮುರಿಯಿತು, ದಿಮ್ಮಿ ಎಳೆಯುವಾಗ ಎಷ್ಟು ಸಸಿ ಜಜ್ಜಿಹೋಯಿತು, ಲಾರಿ ರಸ್ತೆಗೆ ಎಷ್ಟು ಗುಡ್ಡ ಕೊರೆದರು, ಇವು ಯಾವ ರಿಜಿಸ್ಟರಿನಲ್ಲೂ ಏರುತ್ತಿರಲಿಲ್ಲ. ಅಸಲಿಗೆ ತಟ್ಟಿದ ನಷ್ಟವೇ ಇದು.

ಅಪ್ಪಿಕೋ ಕೊಟ್ಟ ಘೋಷಣೆ ಮೂರು ಮಾತಿನದು: ಉಳಿಸು, ಬೆಳೆಸು, ಬಳಸು. ಬಳಸಬೇಡಿ ಎಂದು ಅವರು ಹೇಳಲಿಲ್ಲ. ಬಳಸುವುದಕ್ಕೆ ಮೂರನೇ ಸ್ಥಾನ ಕೊಟ್ಟರು. ಅಷ್ಟರಲ್ಲೇ ಎಲ್ಲ ಬಂತು.

ಹಳಕಾರ ಉಳಿಯಿತು, ಚಿತ್ರಗಿ ಹೋಯಿತು

ಸರಕಾರ, ಗುತ್ತಿಗೆದಾರ ಇಬ್ಬರನ್ನೂ ಬಿಟ್ಟು ಊರೇ ಕಾಡು ನೋಡಿಕೊಂಡರೆ? ಕುಮಟಾ ತಾಲೂಕಿನಲ್ಲಿ ಅದಕ್ಕೆ ಉದಾಹರಣೆ ಕಣ್ಣೆದುರಿಗಿದೆ. ಬ್ರಿಟಿಷರ ಕಾಲದಲ್ಲಿ, ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ನಂತರ, ಹಳಕಾರ, ಮೂರೂರು-ಕಲ್ಲಬ್ಬೆ, ಚಿತ್ರಗಿಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳಾದವು. ಊರವರೇ ಸಮಿತಿ ಮಾಡಿ, ಕಾವಲುಗಾರನನ್ನು ಇಟ್ಟು, ಯಾರು ಎಷ್ಟು ಒಯ್ಯಬೇಕೆಂದು ಕಟ್ಟಳೆ ಮಾಡಿಕೊಂಡರು. ದಶಕಗಳ ಕಾಲ ಅದು ನಡೆಯಿತು.

1970ರ ದಶಕದ ಕೊನೆಗೆ ಸರಕಾರ ಈ ಪಂಚಾಯತಿಗಳನ್ನು ರದ್ದು ಮಾಡಹೊರಟಿತು. ಹಳಕಾರ, ಕಲ್ಲಬ್ಬೆಯವರು ಕೋರ್ಟಿಗೆ ಹೋದರು, ಉಳಿಸಿಕೊಂಡರು. ಚಿತ್ರಗಿಯವರು ಹೋಗಲಿಲ್ಲ. ಕಾವಲು ಎದ್ದ ಮೇಲೆ ಅಲ್ಲಿನ ಕಾಡು ಅಲ್ಪಕಾಲದಲ್ಲೇ ಬೋಳಾಯಿತು. ಒಂದೇ ತಾಲೂಕು, ಒಂದೇ ಮಳೆ, ಒಂದೇ ಥರದ ಜನ. ವ್ಯತ್ಯಾಸ ಇಷ್ಟೇ: ಒಂದು ಕಡೆ ಕಾಡು ನಮ್ಮದೆಂಬ ಭರವಸೆ ಉಳಿಯಿತು, ಇನ್ನೊಂದು ಕಡೆ ನಾಳೆ ಸಿಗದೆಂಬ ಅವಸರ ಹುಟ್ಟಿತು. ಸೌದೆ ಒಯ್ದ ಬಡವನನ್ನು ಬೈಯುವ ಮೊದಲು ಈ ಎರಡು ಊರುಗಳ ಕಥೆ ನೆನಪಿಡಬೇಕು.

ಅಕೇಶಿಯಾ ಪುರಾಣ

1980ರ ದಶಕದಿಂದ ಸಾಮಾಜಿಕ ಅರಣ್ಯದ ಹೆಸರಲ್ಲಿ ಬೋಳು ಗುಡ್ಡಗಳ ಮೇಲೆಲ್ಲ ಅಕೇಶಿಯಾ ಬಂತು. ಆಸ್ಟ್ರೇಲಿಯಾ ಕಡೆಯ ಮರ. ಚಿರೆಕಲ್ಲಿನ ಮೇಲೂ ಬದುಕುತ್ತದೆ, ದನ ತಿನ್ನುವುದಿಲ್ಲ, ಕೆಲವೇ ವರ್ಷದಲ್ಲಿ ಸೌದೆ. ಇದರಿಂದ ಉಪಕಾರವಾಗಲಿಲ್ಲ ಎನ್ನುವಂತಿಲ್ಲ. ಆದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ, ಕೆಳಗೆ ಹುಲ್ಲಿಲ್ಲ, ಮಂಗನಿಗೆ, ಮಂಗಟ್ಟೆಗೆ ಉಣ್ಣಲು ಹಣ್ಣಿಲ್ಲ.

ಅನುಕ್ರಮದ ಲೆಕ್ಕದಲ್ಲಿ ಅಕೇಶಿಯಾ ಉಪ್ಪಳಿಗೆಯ ಜಾಗದಲ್ಲಿ ಕೂತ ದಾದಿ. ಹತ್ತಿರದಲ್ಲಿ ಹಳೇ ಕಾಡಿದ್ದು, ಬೆಂಕಿ ಬೀಳದಿದ್ದರೆ, ಅದರ ನೆರಳಲ್ಲಿ ನೇರಳೆ, ಸಳ್ಳೆ ಮುಂತಾದ ನಾಡಸಸಿ ಏಳುತ್ತವೆ. ಆಗ ಅಕೇಶಿಯಾವನ್ನು ತೆಳುಮಾಡಿ ತೆಗೆದು, ಕೆಳಗಿನ ಸಸಿಗೆ ಬೆಳಕು ಬಿಟ್ಟರೆ ಏಣಿ ಏರಬಹುದು. ಅದರ ಬದಲು ಒಮ್ಮೆಲೇ ಬೋಳಿಸಿ, ಕೆಳಗಿನ ಸಸಿಗಳನ್ನೂ ತುಳಿದು, ಮತ್ತೆ ಅಕೇಶಿಯಾ ನೆಟ್ಟರೆ? ದಾದಿಯನ್ನು ಇಟ್ಟುಕೊಂಡು ಮಗುವನ್ನು ಹೊರಗೆ ಹಾಕಿದಂತೆ.

ಲೆಕ್ಕ ಕೇಳುವವರು ಬೇಕು

ಈಗ ಮಾಡಬೇಕಾದದ್ದೇನು? ಪ್ರತಿ ಅರಣ್ಯ ವಿಭಾಗಕ್ಕೂ ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಕಾರ್ಯಯೋಜನೆ ತಯಾರಾಗುತ್ತದೆ. 1993ರಲ್ಲಿ ಸರಕಾರ ಜಂಟಿ ಅರಣ್ಯ ಯೋಜನೆಯ ಆಜ್ಞೆ ಹೊರಡಿಸಿದ ಮೇಲೆ ಹಳ್ಳಿಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. 2006ರ ಅರಣ್ಯ ಹಕ್ಕು ಕಾಯ್ದೆ ಸಾಮುದಾಯಿಕ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನು ಊರಿಗೇ ಕೊಟ್ಟಿದೆ. ಬಾಗಿಲು ತೆರೆದಿದೆ, ಒಳಗೆ ಹೋಗಿ ಕೂರುವವರು ಬೇಕು. ಹೋದವರು ಮೂರೇ ಪ್ರಶ್ನೆ ಕೇಳಿದರೂ ಸಾಕು.

ಮೊದಲನೆಯದು, ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಎಷ್ಟು ತೆಗೆಯುತ್ತೀರಿ? ಎರಡನೆಯದು, ತೆಗೆಯುವ ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ, ಕಾಯುವ ಹೊಣೆ ಅವನದೇ ಹೌದೋ ಅಲ್ಲವೋ? ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮರದ ಬುಡದಲ್ಲಿ ಸಸಿ ಇದೆಯೇ?

ಕಾಡು ನೋಡಲು ಹೋದವರೆಲ್ಲ ತಲೆ ಎತ್ತಿ ಮರದ ಎತ್ತರ ನೋಡಿ ಬೆರಗಾಗುತ್ತಾರೆ. ಕಾಡಿನ ಖಾತೆ ಕಿರ್ದಿ ಇರುವುದು ಕೆಳಗೆ. ಮೇಲೆ ಭಾರೀ ಮತ್ತಿ, ನಂದಿ ನಿಂತಿದ್ದು, ಕೆಳಗೆ ಮೊಣಕಾಲೆತ್ತರದ, ಎದೆಯೆತ್ತರದ, ಆಳೆತ್ತರದ ಸಸಿಗಳು ಇಲ್ಲದಿದ್ದರೆ, ಅದು ಮುಂದಿನ ಕಪಾಟಿನಲ್ಲಿ ಮಾಲು ಜೋಡಿಸಿ ಹಿಂದಿನ ಗೋದಾಮು ಖಾಲಿ ಇಟ್ಟ ಅಂಗಡಿ. ನೋಡಲು ಚೆಂದ, ದಿವಾಳಿ ಹತ್ತಿರ.

ಸೊಪ್ಪಿನ ಬೆಟ್ಟ ಇದ್ದವರಿಗೂ ಇದೇ ಮಾತು ಸಲ್ಲುತ್ತದೆ. ತುದಿ ಉಳಿಸಿ, ಮರಕ್ಕೆ ಬಿಡುವು ಕೊಟ್ಟು ಸೊಪ್ಪು ಕಡಿದ ಬೆಟ್ಟ ತಲೆಮಾರು ಕಳೆದರೂ ಸೊಪ್ಪು ಕೊಡುತ್ತದೆ. ಪ್ರತಿ ವರ್ಷ ಬೋಳಿಸಿದ ಬೆಟ್ಟ ಕಂಬ ನೆಟ್ಟಂತೆ ನಿಲ್ಲುತ್ತದೆ, ತೋಟದವ ಗೊಬ್ಬರದ ಅಂಗಡಿಗೆ ಸಾಲ ಬರೆಸುತ್ತಾನೆ.

ನಾಳೆ ಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವರು ಹಸಿರು ಕಂಡು ಸಮಾಧಾನಪಟ್ಟು ನಿದ್ದೆ ಹೋಗಬೇಡಿ. ಯಾವ ಹಸಿರು ಎಂದು ನೋಡಿ. ಬೇಣವೋ, ಅಕೇಶಿಯಾವೋ, ಬೆಟ್ಟವೋ, ಕಾನೋ? ಬುಡದಲ್ಲಿ ಸಸಿ ಕಂಡರೆ ಬಡ್ಡಿ ಉಣ್ಣುತ್ತಿದ್ದೇವೆ ಎಂದು ಅರ್ಥ. ಕಾಣದಿದ್ದರೆ ಅಸಲು ಕರಗುತ್ತಿದೆ, ಊರಿನ ಸಭೆಯಲ್ಲಿ ಬಾಯಿ ಬಿಡುವ ಹೊತ್ತು ಬಂದಿದೆ.